ಆ ಮಾತು ಯಾರದು

“ಇದರಲ್ಲಿ ನಿಮ್ಮದು ಎಷ್ಟು?”

ನಮಸ್ಕಾರವಿಲ್ಲ, ಕೂತುಕೊಳ್ಳಿ ಎನ್ನುವ ಉಪಚಾರವಿಲ್ಲ. ಆತ ಇಂಗ್ಲಿಷಿನಲ್ಲಿ ಆಡಿದ ಮೊದಲ ಮಾತೇ ಅದು.

ದಾನೇಶ್ವರಿ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಿದಳು. ಕಟ್ಟಡ ಕಾರ್ಮಿಕರ ಹಕ್ಕಿನ ಬಗ್ಗೆ ಅವಳೇ ಬರೆದ ಪ್ರಬಂಧ. ಆದರೆ ಗುರುತು ಸಿಗದ ಹಾಗಾಗಿತ್ತು. ಕೆಂಪು, ಹಳದಿ, ನೀಲಿ... ಸಾಲುಸಾಲಿಗೂ ಬಣ್ಣ. ಮೇಲಿನ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಅಂಕಿ. ನಲವತ್ಮೂರು ಪರ್ಸೆಂಟ್.

ಮುಂಬೈ ಬಾಂದ್ರಾದ ಲಾ ಕಾಲೇಜೊಂದರ ಲೈಬ್ರರಿಗೆ ಅಂಟಿಕೊಂಡಿದ್ದ ಸಣ್ಣ ಕೋಣೆ ಅದು. ಮೂರನೆಯ ವರ್ಷದವರ ಪ್ರಬಂಧಗಳನ್ನು ಸಾಫ್ಟ್‌ವೇರಿಗೆ ಹಾಕಿ, ಯಾವ ಸಾಲು ಎಲ್ಲಿಂದ ಬಂದಿದೆ ಎಂದು ಹುಡುಕುವುದು ಎಲ್‌ಎಲ್‌ಎಂ ಓದುತ್ತಿದ್ದ ಚೇತನನ ಕೆಲಸ. ಅವನು ಆ ಪ್ರಬಂಧಗಳ ಹೊಣೆ ಹೊತ್ತಿದ್ದ ಪ್ರೊಫೆಸರ್ ಫಡಕೆ ಮೇಡಂ ಅವರ ಸಹಾಯಕ.

“ನಾ ಕಾಪಿ ಹೊಡದಿಲ್ಲ...” ಗಾಬರಿಯಲ್ಲಿ ಅವಳ ಬಾಯಿಂದ ಕನ್ನಡವೇ ಬಂತು.

ಆತ ಥಟ್ಟನೆ ತಲೆಯೆತ್ತಿ ಮೊದಲ ಸಲ ಅವಳ ಮುಖ ನೋಡಿದ.

“ನೀವು ಕನ್ನಡದವ್ರಾ?”

“ವಿಜಾಪುರ ಕಡೆಯವ್ರು. ಈಗ ಸಯನ್.”

“ನಾವು ಬೆಳಗಾವಿ. ಮತಲಬ್... ಪಪ್ಪಾ ಬೆಳಗಾವಿ. ನಾ ಹುಟ್ಟಿದ್ದು ಬೊರಿವಲಿ.” ಅವನ ತುಟಿಯಲ್ಲಿ ನಗುವೊಂದು ಬಂದು ಹೋಯಿತು. ಮರುಕ್ಷಣ ಹಾಳೆಗಳನ್ನು ಅವಳತ್ತ ತಳ್ಳಿದ. “ಲೇಕಿನ್ ಕನ್ನಡದವ್ರು ಅಂತ ನಾನು ಇದನ್ನ ಬಿಡಾಕೆ ಆಗೋದಿಲ್ಲ.”

“ಬಿಡ್ರಿ ಅಂತ ನಾ ಕೇಳೇನೇನು?”

ಅವಳೇ ಕುರ್ಚಿ ಎಳೆದುಕೊಂಡು ಕೂತಳು. ಮೊದಲ ಹಾಳೆಯಿಂದ ಓದತೊಡಗಿದಳು.

ಈ ವಾಕ್ಯಗಳೆಲ್ಲ ಅವಳಿಗೆ ಚೆನ್ನಾಗಿ ಗೊತ್ತು, ಇಷ್ಟವೂ ಹೌದು. ಆದರೆ ಬರೆದವಳು ತಾನಾ?

ಆರು ತಿಂಗಳಿಂದ ಅವಳ ಓದೆಲ್ಲ ಲೋಕಲ್ ರೈಲಿನಲ್ಲಿ. ಸಯನ್‌ನಲ್ಲಿ ಹತ್ತಿ, ದಾದರಿನಲ್ಲಿ ಬದಲಿಸಿ, ಲೇಡಿಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು. ಮನಸ್ಸಿಗೆ ಹಿಡಿಸಿದ ಸಾಲನ್ನು ಎತ್ತಿ ಮೊಬೈಲಿನ ನೋಟ್ಸಿನಲ್ಲಿ ಹಾಕಿಕೊಳ್ಳುವಳು. ಅದರ ಕೆಳಗೇ ತನ್ನದೊಂದು ಯೋಚನೆ ಬರೆಯುವಳು. ಎಲ್ಲಿಂದ ಎತ್ತಿದ್ದು ಎಂಬ ಗುರುತಿಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಪ್ರಬಂಧ ಬರೆಯಲು ಕೂತ ದಿನ ಎಲ್ಲವೂ ಅವಳದೇ ಎನಿಸಿತ್ತು.

“ಕದಿಬೇಕಂತ ಮಾಡಿಲ್ರಿ...” ಅವಳ ದನಿ ಇಳಿಯಿತು.

“ನಂಬ್ತೀನಿ. ಆದ್ರೆ ಓದೋರಿಗೆ ನಿಮ್ಮ ಮನಸ್ಸು ಕಾಣ್ಸೋದಿಲ್ಲ. ಪೇಪರ್ ಅಷ್ಟೇ ಕಾಣ್ಸೋದು.”

ಆ ಮಾತು ಕಠಿಣವಾಗಿತ್ತು. ಆದರೆ ಹೇಳಿದ ದನಿ ಕಠಿಣವಾಗಿರಲಿಲ್ಲ.

ಹನ್ನೊಂದನೆಯ ಪುಟಕ್ಕೆ ಬಂದಾಗ ಮಾತ್ರ ಅವಳು ನಿಂತಳು. ಅಲ್ಲೊಂದು ಇಡೀ ಪ್ಯಾರಾ ಹಸಿರಾಗಿತ್ತು. ಬದಿಯಲ್ಲಿ ಮೂಲ ಎಲ್ಲಿಯದೆಂದು ಬರೆದಿತ್ತು... ಕಾಲೇಜಿನ ಪತ್ರಿಕೆ, ಕಳೆದ ವರ್ಷದ ಸಂಚಿಕೆ, ಲೇಖಕ ಚೇತನ.

“ಇದು ನಂದು,” ಎಂದಳು ಬೆರಳಿಟ್ಟು.

“ಅದು ನನ್ನ ಆರ್ಟಿಕಲ್. ಅದಕ್ಕೆ ಪ್ರೈಜ್ ಬಂದಿದೆ.”

“ಪ್ರೈಜ್ ಬಂದ್ರ ನಿಮ್ಮದಾಗ್ತದೇನು? ಹೋದ ವರ್ಷ ಸಯನ್ನಿನ ಕೂಲಿ ನಾಕಾದಾಗ ನಿಂತು, ಕಟ್ಟಡ ಕೆಲಸದ ಹೆಣ್ಮಕ್ಕಳನ್ನ ಕೇಳಿ ಬರಕೊಂಡಾಕಿ ನಾನು. ಟೈಪ್ ಮಾಡಿ ಕಾಲೇಜಿನ ಲೀಗಲ್ ಏಡ್ ಸೆಲ್‌ಗೆ ಕೊಟ್ಟೇನಿ.”

ಚೇತನನ ಮುಖ ಬಿಗಿಯಿತು. “ಸೆಲ್‌ನ ಫೈಲಿನಲ್ಲಿ ಒಂದಿಷ್ಟು ನೋಟ್ಸ್ ಇದ್ದವು. ಹೆಸರು ಯಾರದೂ ಇರಲಿಲ್ಲ.”

“ಹೆಸರು ಇಲ್ಲಂದ್ರ ಯಾರದೂ ಅಲ್ಲ ಅಂತನಾ?”

ಅವನು ಹಾಳೆಗಳನ್ನು ಒಟ್ಟು ಮಾಡಿ ಜೋಡಿಸಿದ. “ಸೋಮವಾರ ಇದರ ವಿಚಾರಣೆಗೆ ಕಮಿಟಿ ಕೂಡ್ತದೆ. ಅಲ್ಲಿ ಹೇಳ್ರಿ,” ಎಂದಷ್ಟೇ ಅಂದ.

ದಾನೇಶ್ವರಿ ವರದಿಯ ಒಂದು ಪ್ರತಿ ಕೇಳಿ ಪಡೆದು ಹೊರಬಂದಳು. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಯಿತು. ಇವನು ಕದ್ದದ್ದು ಒಂದು ಪ್ಯಾರಾ. ನಾನು? ನಾನು ಐದು ಪುಟ...

*

“ಇಷ್ಟಕ್ಕೆಲ್ಲ ಯಾರಾದರೂ ಹೆದರ್ತಾರಾ?” ಕ್ಯಾಂಟೀನಿನಲ್ಲಿ ಗೆಳತಿ ಸೋನಾಲಿ ಮೊಬೈಲು ಮುಂದೆ ಹಿಡಿದಳು. “ಈ ವೆಬ್‌ಸೈಟಿಗೆ ಹಾಕು. ಶಬ್ದ ಎಲ್ಲಾ ಬದಲಿ ಮಾಡಿ ಕೊಡ್ತದೆ. ನಲವತ್ಮೂರು ಹೋಗಿ ಆರಕ್ಕೆ ಬರ್ತದೆ. ಕಮಿಟಿ ಮುಂದೆ ಹೊಸ ಡ್ರಾಫ್ಟ್ ಇಟ್ಟುಬಿಡು.”

ದಾನೇಶ್ವರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಪ್ಪ ಅಣವೀರಪ್ಪ ಗೌಂಡಿ ಮೇಸ್ತ್ರಿ. ‘ನನ್ನ ಮಗಳು ವಕೀಲಕಿ ಆಗ್ತಾಳ’ ಎಂದು ತಾವಿರುವ ಚಾಳಿನ ಮನೆಮನೆಗೂ ಹೇಳಿಕೊಂಡು ತಿರುಗುತ್ತಾನೆ. ಅವ್ವ ರುದ್ರವ್ವ ಇವತ್ತಿಗೂ ಕೂಲಿಗೆ ಕಾಯುವವರು ಸೇರುವ ಆ ನಾಕಾದಲ್ಲಿ ನಿಂತು, ಕರೆದವರ ಹಿಂದೆ ಕಟ್ಟಡಕ್ಕೆ ಹೋಗಿ ಇಟ್ಟಿಗೆ ಹೊರುತ್ತಾಳೆ. ಅವರ ಮಗಳ ಹೆಸರಿನ ಮುಂದೆ ಕಳ್ಳಿ ಎಂದು ಬಿದ್ದರೆ...

ಒಂದು ಪುಟ ಹಾಕಿ ನೋಡಿದಳು. ಯಂತ್ರ ಕ್ಷಣದಲ್ಲಿ ತಿರುಗಿಸಿ ಕೊಟ್ಟಿತು. ಕಾರ್ಮಿಕರ ಕಲ್ಯಾಣ ಮಂಡಳಿ, ಅಂದರೆ ವೆಲ್ಫೇರ್ ಬೋರ್ಡ್ ಹೋಗಿ ‘ಸುಖದ ಹಲಗೆ’ ಎಂಬ ಅರ್ಥದ ಇಂಗ್ಲಿಷು ಬಂದಿತ್ತು. ನಗು ಬಂತು. ಆಮೇಲೆ ನಾಚಿಕೆಯಾಯಿತು. ಶಬ್ದಗಳು ಬದಲಾಗಿದ್ದವು, ಯೋಚನೆ ಮಾತ್ರ ಆ ಸಾಲುಗಳನ್ನು ಮೊದಲು ಬರೆದ ಪ್ರೊಫೆಸರರದೇ. ಅವರ ಹೆಸರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

“ಬ್ಯಾಡ ಸೋನಾಲಿ. ಕದ್ದ ಎಮ್ಮಿಗೆ ಬಣ್ಣಾ ಬಳದ್ರ ನಮ್ಮದಾಗೂದಿಲ್ಲ.”

“ಮತ್ತೇನು ಮಾಡ್ತೀ?”

“ಮೊದಲಿಂದ ಬರೀತೀನಿ.”

ಮರುದಿನ ಅವಳು ನೇರವಾಗಿ ಆ ಸಣ್ಣ ಕೋಣೆಗೇ ಹೋದಳು. ಚೇತನ ಬೆರಗಿನಿಂದ ನೋಡಿದ.

“ಆ ಹಸಿರು ಪ್ಯಾರಾದ ಜಗಳ ಸೋಮವಾರಕ್ಕ ಇರಲಿ. ಉಳಿದದ್ದು ನನ್ನ ತಪ್ಪೈತಿ. ಹ್ಯಾಂಗ್ ಸರಿ ಮಾಡೂದು, ಕಲಸ್ರಿ.”

ಆತ ತನ್ನ ಪುಸ್ತಕ ಸರಿಸಿ ಜಾಗ ಮಾಡಿದ.

ಮೂರು ಮಧ್ಯಾಹ್ನ ಇಬ್ಬರೂ ಅಲ್ಲೇ ಕೂತರು. ಬೇರೆಯವರ ಶಬ್ದ ಹಾಗೇ ಬೇಕಾದರೆ ಚಿಹ್ನೆಯೊಳಗೆ ಇಡಬೇಕು, ಕೆಳಗೆ ಪುಟಸಂಖ್ಯೆ ಸಮೇತ ಮೂಲ ಕೊಡಬೇಕು. ತನ್ನ ಶಬ್ದದಲ್ಲಿ ಹೇಳಿದರೂ ಯೋಚನೆ ಅವರದಾದರೆ ಹೆಸರು ಬಿಡುವಂತಿಲ್ಲ. ತೀರ್ಪಿನ ಸಾಲಾದರೆ ತೀರ್ಪಿನದೆಂದೇ ಹೇಳಬೇಕು.

“ಪುಸ್ತಕ ಮುಚ್ಚಿ,” ಎನ್ನುತ್ತಿದ್ದ ಅವನು. “ಈಗ ನಿಮಗೆ ತಿಳಿದದ್ದು ನನಗೆ ಹೇಳ್ರಿ. ಕನ್ನಡದಾಗೇ ಹೇಳ್ರಿ. ಆಮೇಲೆ ಬರೀರಿ.”

ಅವಳು ಹೇಳುತ್ತಿದ್ದಳು. ವರ್ಷಕ್ಕೆ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಇದ್ದರೆ ಮಾತ್ರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಣಿ. ನಾಕಾದ ಹೆಣ್ಣುಮಕ್ಕಳಿಗೆ ದಿನಕ್ಕೊಬ್ಬ ಕಾಂಟ್ರ್ಯಾಕ್ಟರ್. ದಾಖಲೆಗೆ ಸಹಿ ಹಾಕುವವರು ಯಾರು? ಹೇಳುತ್ತಾ ಹೇಳುತ್ತಾ ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಚೇತನ ಟಿಪ್ಪಣಿ ಮಾಡುವುದನ್ನು ಮರೆತು ಕೇಳುತ್ತಿದ್ದ.

ಶುಕ್ರವಾರ ಅವಳ ಡಬ್ಬಿಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಬ್ಬರಿಗಾಯಿತು. ರೊಟ್ಟಿ ಮುರಿಯುವ ಸದ್ದಿಗೆ ಲೈಬ್ರರಿಯವರು ಇಣುಕಿ ನೋಡಿದರು. ಅವನು ಗಾಬರಿಯಿಂದ ಬಾಯಿ ಮುಚ್ಚಿಕೊಂಡದ್ದಕ್ಕೆ ದಾನೇಶ್ವರಿಗೆ ನಗು ತಡೆಯಲಾಗಲಿಲ್ಲ.

ಇವನ ಮೇಲೆ ಸಿಟ್ಟು ಇರಬೇಕಲ್ಲ ನನಗೆ... ಎಲ್ಲಿ ಹೋಯಿತು?

*

ಆ ಸಂಜೆ ಮನೆಯಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು. ಜಗಳದ ಆ ಪ್ಯಾರಾವನ್ನು ದಾನೇಶ್ವರಿ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದಳು. ‘ಗೋಡೆ ಕಟ್ಟಿದವರು ನಾವು ಎಂದು ಗೋಡೆಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ...’

“ಛಲೋ ಐತಿಲ್ಲಬೇ? ಇದನ್ನ ಕಾಲೇಜಿನಾಗ ಒಬ್ಬಾತ ತನ್ನದು ಅಂತಾನ.”

ರುದ್ರವ್ವನ ಕೈ ನಿಂತಿತು. “ಇದು ನಮ್ಮ ನಾಕಾದ ಸುಂದ್ರವ್ವನ ಮಾತಲ್ಲೇನ? ಅಕಿ ಅಂದಿದ್ದು. ನಾ ಬಾಜೂಕ ನಿಂತಿದ್ದೆ.”

“ಹೌದು, ಅಕಿ ಹೇಳಿದ್ಲು, ನಾ ಬರದೆ...”

“ಬರದ್ರ ನಿನ್ನದು ಹ್ಯಾಂಗಾತು ದಾನವ್ವ? ನಾಕಾದಾಗ ನಾವು ಒಂದ್ ಮಾತು ಆಡಿದ್ರೂ ‘ಅಂತ ಸುಂದ್ರವ್ವ ಅಂದ್ಲು’ ಅಂತೀವಿ. ಮಂದಿ ಮಾತು ತಂದು ನಂದು ಅಂದ್ರ ನಗ್ತಾರ.”

ದಾನೇಶ್ವರಿ ಕೈಯಲ್ಲಿದ್ದ ಹಾಳೆ ನೋಡಿದಳು. ಪ್ಯಾರಾದಲ್ಲಿ ‘ಲೇಖಕಿಯ ಅವಲೋಕನದ ಪ್ರಕಾರ’ ಎಂದಿತ್ತು. ಸುಂದ್ರವ್ವನ ಹೆಸರು ಎಲ್ಲೂ ಇರಲಿಲ್ಲ. ನಾಲ್ಕು ದಿನದಿಂದ ಅವಳು ನಂದು, ನಂದು ಎಂದು ಹೋರಾಡಿದ್ದು... ಅವಳದಲ್ಲವೇ ಅಲ್ಲ.

*

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾಕಾ ತುಂಬಿತ್ತು. ಬುಟ್ಟಿ, ಸಲಿಕೆ, ತಲೆಗೆ ಸುತ್ತಿದ ಬಟ್ಟೆ. ಅವ್ವನ ಜೊತೆ ಬಂದ ದಾನೇಶ್ವರಿ ಸುಂದ್ರವ್ವನನ್ನು ಹುಡುಕಿದಳು. ಕಂಡಳು. ಆದರೆ ಅವಳ ಎದುರು ಚೇತನ ನಿಂತಿದ್ದ. ಕೈಯಲ್ಲಿ ಮೊಬೈಲು ಹಿಡಿದು ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಅವಳ ಮೈ ಉರಿಯಿತು. ಬೊರಿವಲಿಯಿಂದ ಇಷ್ಟು ಬೆಳಿಗ್ಗೆ ಇಲ್ಲಿಗೆ ಬಂದಿದ್ದಾನೆ... ನಾನು ಸುಳ್ಳುಗಾತಿ ಎಂದು ಸಾಬೀತು ಮಾಡಲು.

“ಸಾಕ್ಷಿ ಕೂಡಸಾಕ ಬಂದ್ರೇನು?”

ಅವನು ಬೆಚ್ಚಿ ತಿರುಗಿದ. “ದಾನೇಶ್ವರಿ, ಕೇಳ್ರಿ... ನಾನು ತಿಳ್ಕೋಬೇಕಿತ್ತು...”

“ಏನ್ ತಿಳ್ಕೋಬೇಕಿತ್ರಿ? ಈ ಹೆಣ್ಮಕ್ಕಳು ಖರೇ ಅದಾರೋ ಇಲ್ಲೋ ಅಂತನಾ? ಮೂರು ದಿನ ಎದುರಿಗೆ ಕೂತು ಕಲಿಸಿದ್ದು ಇದಕ್ಕೇನು?”

“ಇಲ್ಲ. ಒಂದು ನಿಮಿಷ...”

“ನಿಮ್ಮ ಒಂದು ನಿಮಿಷ ಕಮಿಟಿಗೆ ಇಟ್ಕೋರಿ.”

ಅವನು ಮೊಬೈಲು ಜೇಬಿಗಿಟ್ಟು, ತಲೆ ತಗ್ಗಿಸಿ ಸ್ಟೇಷನ್ನಿನ ಕಡೆ ನಡೆದ. ಅವನ ಬೆನ್ನು ಮರೆಯಾಗುವವರೆಗೆ ದಾನೇಶ್ವರಿ ನೋಡಿದಳು. ಸಿಟ್ಟು ಮರಳಿ ಬಂದಿತ್ತು. ಅದರ ಕೆಳಗೆ ನೋವಿತ್ತು.

ಸುಂದ್ರವ್ವ ಹತ್ತಿರ ಬಂದಳು. “ಯಾಕ ಬೈತಿ ಆ ಹುಡುಗನ್ನ? ಮೆತ್ತಗ ಮಾತಾಡಿದ ಪಾಪ.”

“ಬಿಡಬೇ ಅದನ್ನ. ನಾ ಒಂದ್ ಕೇಳಾಕ ಬಂದೀನಿ. ನೀ ಹೇಳಿದ್ದು ನನ್ನ ಪ್ರಬಂಧದಾಗ ಹಾಕೀನಿ, ನಿನ್ನ ಹೆಸರು ಹಾಕಿಲ್ಲ. ತಪ್ಪಾಗೇತಿ. ಈಗ ಹಾಕ್ಲಿ? ಕಾಂಟ್ರ್ಯಾಕ್ಟರ್ ನೋಡಿದ್ರ ನಿನಗ ತ್ರಾಸ ಆಗಬಾರದು.”

ಸುಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಾಕು. ಇಪ್ಪತ್ತು ವರ್ಷ ಆತು, ಯಾವ ಹಾಜರಿ ಪುಸ್ತಕದಾಗೂ ನನ್ನ ಹೆಸರಿಲ್ಲ. ನಿನ್ನ ಪುಸ್ತಕದಾಗರ ಇರಲಿ.”

*

ಸೋಮವಾರ ಕಮಿಟಿಯಲ್ಲಿ ಫಡಕೆ ಮೇಡಂ ಸೇರಿ ಮೂವರು ಇದ್ದರು. ಮೂಲೆಯ ಕುರ್ಚಿಯಲ್ಲಿ ಚೇತನ. ದಾನೇಶ್ವರಿ ಅವನತ್ತ ನೋಡಲಿಲ್ಲ.

“ನಿಮ್ಮ ವಿವರಣೆ ಏನು?” ಮೇಡಂ ಕೇಳಿದರು.

ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ರಾತ್ರಿಯೇ ಬಾಯಿಪಾಠ ಮಾಡಿದ್ದಳು. ಎದ್ದು ನಿಂತಾಗ ಅದೆಲ್ಲ ಮರೆತುಹೋಯಿತು. ತಿಳಿದಷ್ಟನ್ನೇ ಹೇಳಿದಳು.

“ಐದು ಪುಟ ಬೇರೆಯವರದು, ಮೇಡಂ. ಎಲ್ಲಿಂದ ಎತ್ತಿದೆ ಎಂದು ಬರೆದುಕೊಳ್ಳದೆ ನನ್ನದೆಂದುಕೊಂಡೆ. ಗೊತ್ತಿರಲಿಲ್ಲ ಎನ್ನುವುದು ನೆಪ. ಕಾನೂನು ಓದುವವಳು ಆ ನೆಪ ಹೇಳಬಾರದು. ಒಂದೊಂದು ಸಾಲಿನ ಮೂಲವನ್ನೂ ಹುಡುಕಿ ಪಟ್ಟಿ ತಂದಿದ್ದೇನೆ.” ಹಾಳೆಗಳನ್ನು ಮುಂದಿಟ್ಟಳು. “ಹನ್ನೊಂದನೆಯ ಪುಟದ ಪ್ಯಾರಾ ಮಾತ್ರ ನಾನು ಚೇತನ್ ಅವರಿಂದ ಎತ್ತಿದ್ದಲ್ಲ. ಹೋದ ವರ್ಷ ತಾರೀಖು ಹಾಕಿ ಬರೆದುಕೊಂಡ ನನ್ನ ನೋಟ್‌ಬುಕ್ ಇಲ್ಲಿದೆ. ಆದರೆ ಅದು ನನ್ನದೂ ಅಲ್ಲ.”

ಮೇಡಂ ಕನ್ನಡಕ ತೆಗೆದರು. “ಮತ್ತೆ ಯಾರದು?”

“ಸಯನ್ ನಾಕಾದಲ್ಲಿ ನಿಲ್ಲುವ ಸುಂದ್ರವ್ವನದು. ಹೇಳಿದವಳು ಅವಳು. ನಾನು ಇಂಗ್ಲಿಷಿಗೆ ತಿರುಗಿಸಿದೆ, ಅಷ್ಟೇ. ಅವಳ ಒಪ್ಪಿಗೆ ಪಡೆದು ಹೆಸರು ಹಾಕುತ್ತಿದ್ದೇನೆ.”

ಆಗ ಮೂಲೆಯ ಕುರ್ಚಿ ಸರಿದ ಸದ್ದಾಯಿತು.

“ಮೇಡಂ, ನನ್ನದೊಂದು ಪತ್ರ ಇದೆ,” ಎಂದ ಚೇತನ. ಮುಖ ಬಿಳಚಿಕೊಂಡಿತ್ತು. “ಶನಿವಾರ ನಾನು ನಾಕಾದಲ್ಲಿ ವಿಚಾರಿಸಿ ಆ ಹೆಂಗಸನ್ನು ಭೇಟಿಯಾದೆ. ಆಕೆಯ ಮಾತು ರೆಕಾರ್ಡ್ ಮಾಡಿದ್ದೇನೆ. ‘ರುದ್ರವ್ವನ ಮಗಳು ಬಂದು ಬರೆದುಕೊಂಡಳು’ ಎಂದು ಆಕೆಯೇ ಹೇಳಿದ್ದಾರೆ. ಫೈಲಿನಲ್ಲಿ ಹೆಸರಿಲ್ಲದ ಹಾಳೆ ಸಿಕ್ಕಿತು, ಯಾರದೆಂದು ಕೇಳಲಿಲ್ಲ. ನನ್ನ ಲೇಖನಕ್ಕೆ ಬಳಸಿಕೊಂಡೆ. ನಕಲು ಮಾಡಿದವನು ನಾನು. ಪ್ರೈಜ್ ಹಿಂದಿರುಗಿಸುತ್ತೇನೆ. ಬೇರೆಯವರ ಪ್ರಬಂಧ ಪರೀಕ್ಷಿಸುವ ಈ ಕೆಲಸದಲ್ಲಿ ನಾನು ಇರಬಾರದು.”

ದಾನೇಶ್ವರಿ ಅವನನ್ನೇ ನೋಡಿದಳು. ಸಾಕ್ಷಿ ಕೂಡಿಸಲು ಬಂದಿದ್ದ... ಹೌದು. ತನ್ನ ವಿರುದ್ಧವೇ ಸಾಕ್ಷಿ.

ಅವನು ಅವಳ ಕಡೆ ತಿರುಗಲೇ ಇಲ್ಲ. ಪತ್ರ ಮೇಜಿನ ಮೇಲಿಟ್ಟು ಹೊರಟುಹೋದ.

ಕಮಿಟಿಯ ತೀರ್ಮಾನ ಅದೇ ದಿನ ಬಂತು. ದಾನೇಶ್ವರಿ ಒಂದು ತಿಂಗಳಲ್ಲಿ ಪ್ರಬಂಧ ಹೊಸದಾಗಿ ಬರೆಯಬೇಕು. ಎಷ್ಟೇ ಚೆನ್ನಾಗಿ ಬರೆದರೂ ಪಾಸಿನಷ್ಟೇ ಅಂಕ. ಅವಳು ಒಪ್ಪಿ ಸಹಿ ಹಾಕಿದಳು. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಚೇತನನ ಲೇಖನಕ್ಕೆ ತಿದ್ದುಪಡಿ ಬರುವುದೆಂದು ನಿರ್ಧಾರವಾಯಿತು.

*

ಆ ಒಂದು ತಿಂಗಳು ಅವಳು ಹಟ ಹಿಡಿದು ಬರೆದಳು. ಲೋಕಲ್‌ನಲ್ಲಿ ಓದುವಾಗಲೂ ಪ್ರತಿ ಸಾಲಿನ ಮುಂದೆ ಪುಸ್ತಕದ ಹೆಸರು, ಪುಟ. ತನ್ನ ಯೋಚನೆಗಳಿಗೆ ಬೇರೆಯೇ ನೋಟ್‌ಬುಕ್. ಅದು ತುಂಬುತ್ತಾ ಹೋದಂತೆ ಅವಳಿಗೇ ಆಶ್ಚರ್ಯ. ಹೇಳಲು ತನ್ನದೂ ಇಷ್ಟಿತ್ತಲ್ಲ... ಸುಮ್ಮನೆ ಬೇರೆಯವರ ಸಾಲಿನ ಹಿಂದೆ ಅಡಗಿಕೊಂಡಿದ್ದೆನಲ್ಲ.

ಚೇತನ ಸಿಗಲೇ ಇಲ್ಲ. ಆ ಸಣ್ಣ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಎರಡು ಸಲ ಕಾರಿಡಾರಿನಲ್ಲಿ ಕಂಡರೂ ಅವನು ದಾರಿ ಬದಲಿಸಿದ. ಫೋನ್ ಮಾಡಿದಳು, ಎತ್ತಲಿಲ್ಲ. ‘ಅವತ್ತು ನಾಕಾದಲ್ಲಿ ಹಾಗೆ ಮಾತಾಡಬಾರದಿತ್ತು’ ಎಂದು ಮೆಸೇಜು ಬರೆದಳು. ‘ನಿಮ್ಮ ತಪ್ಪಿಲ್ಲ’ ಎಂಬ ಎರಡು ಶಬ್ದದ ಉತ್ತರ ಬಂತು. ಅದನ್ನು ಎಷ್ಟು ಸಲ ಓದಿದಳೋ.

ಪ್ರಬಂಧ ಒಪ್ಪಿಸಿದ ದಿನ ಫಡಕೆ ಮೇಡಂ ಪುಟ ತಿರುವುತ್ತಾ ಹೇಳಿದರು. “ನಿಯಮದ ಪ್ರಕಾರ ಪಾಸಿಗಿಂತ ಹೆಚ್ಚು ಅಂಕ ಕೊಡಲಾರೆ. ಆದರೆ ಇದನ್ನು ಓದಿ ಸುಮ್ಮನೆ ಕೂರುವುದೂ ಆಗುತ್ತಿಲ್ಲ. ಆ ಹೆಂಗಸರ ನೋಂದಣಿ ನಮ್ಮ ಲೀಗಲ್ ಏಡ್ ಸೆಲ್‌ನಿಂದಲೇ ಮಾಡಿಸೋಣ. ಮುಂದೆ ನಿಂತು ಮಾಡ್ತೀಯಾ?”

“ಮಾಡ್ತೀನಿ, ಮೇಡಂ.”

ಎರಡು ವಾರದ ನಂತರ ಒಂದು ಭಾನುವಾರ ಚಾಳಿನ ಗಣಪತಿ ಮಂಟಪದ ಕಟ್ಟೆಯ ಮೇಲೆ ಫಾರ್ಮುಗಳ ರಾಶಿ. ಸುತ್ತ ಹನ್ನೊಂದು ಜನ ಹೆಣ್ಣುಮಕ್ಕಳು. ಕೆಲಸ ಕೊಟ್ಟವರನ್ನು ಹುಡುಕಿ, ದಿನಗಳ ದಾಖಲೆಗೆ ಸಹಿ ಹಾಕಿಸುವುದರಲ್ಲಿ ದಾನೇಶ್ವರಿಯ ಚಪ್ಪಲಿ ಸವೆದಿತ್ತು. ಫಾರ್ಮು ಮರಾಠಿಯಲ್ಲಿತ್ತು. ಬರೆಯುವವಳು ಅವಳೊಬ್ಬಳೇ.

“ಒಂದು ಪೆನ್ನು ನನಗೂ ಕೊಡ್ತೀರಾ?”

ತಲೆ ಎತ್ತಿದಳು. ಚೇತನ. ಎಂಟು ದಿನದ ಗಡ್ಡ, ಕೈಯಲ್ಲಿ ಪತ್ರಿಕೆಯ ಹೊಸ ಸಂಚಿಕೆ.

ಬೈಯಬೇಕೆಂದುಕೊಂಡಿದ್ದು ಒಂದೂ ನೆನಪಾಗಲಿಲ್ಲ. ಪೆನ್ನು ಕೊಟ್ಟಳು.

ಹನ್ನೊಂದು ಫಾರ್ಮು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಸುಂದ್ರವ್ವ ಹೆಬ್ಬೆಟ್ಟು ಒತ್ತದೆ, ಹತ್ತು ನಿಮಿಷ ಹಿಡಿದು ತನ್ನ ಹೆಸರನ್ನು ತಾನೇ ಬರೆದಳು. ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಚೇತನ ಪತ್ರಿಕೆ ಬಿಡಿಸಿ ಮುಂದಿಟ್ಟ. ತಿದ್ದುಪಡಿಯಲ್ಲಿ ಎರಡು ಹೆಸರಿದ್ದವು. ಹೇಳಿದವರು ಸುಂದ್ರವ್ವ, ಬರೆದುಕೊಂಡವರು ದಾನೇಶ್ವರಿ.

“ಇದು ಛಾಪಿಸಿ ಬರೋತನಕ ನಿಮಗೆ ಮುಖ ತೋರ್ಸೋ ಹಿಮ್ಮತ್ ಇರ್ಲಿಲ್ಲ,” ಎಂದ. “ಅವತ್ತು ಕಮಿಟಿಯಲ್ಲಿ ನೀವು ಮೊದಲು ನಿಮ್ಮ ತಪ್ಪು ಹೇಳಿದ್ರಿ. ಒಂದು ನೆಪಾನೂ ಹೇಳದೆ. ನನ್ನ ಜೇಬಿನಲ್ಲಿ ಪತ್ರ ಇತ್ತು, ಕೊಡೋ ಧೈರ್ಯ ಇರ್ಲಿಲ್ಲ. ನಿಮ್ಮನ್ನ ನೋಡಿ ಬಂತು.”

“ನಾ ನಿಮ್ಮನ್ನ ಬೈದೆ. ಮಂದಿ ಮುಂದ.”

“ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೆ.” ಅವನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ತಡವರಿಸಿದ. “ದಾನೇಶ್ವರಿ, ನನ್ನ ಕನ್ನಡ ಇಷ್ಟೇ ಇದೆ. ನನಗೆ... ಆ ಮೂರು ಮಧ್ಯಾಹ್ನ ಮರೆಯಾಕೆ ಆಗ್ತಿಲ್ಲ. ನಿಮ್ಮ ಜೊತೆ ಇರಬೇಕು ಅನ್ನಿಸ್ತದೆ. ಯಾವಾಗಲೂ. ಮನೇಲಿ ಮಮ್ಮಿಗೆ ಹೇಳಿದೀನಿ. ನಿಮ್ಮ ಅವ್ವ ಏನು ಕೆಲಸ ಮಾಡ್ತಾರೆ ಅಂತಾನೂ ಹೇಳಿದೀನಿ.”

“ಏನಂದ್ರು?”

“ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ, ಹುಡುಗಿನ ನೋಡದೆ ಹ್ಯಾಂಗ್ ಹೇಳೋದು ಅಂದ್ರು.”

ದಾನೇಶ್ವರಿಯ ಕಣ್ಣಲ್ಲಿ ನೀರು ತುಂಬಿತು. ತಲೆ ತಗ್ಗಿಸಲಿಲ್ಲ.

“ನಾ ವಕೀಲಕಿ ಆಗೂದು ಬಿಡೂದಿಲ್ಲ. ನಾಕಾದ ಕೆಲಸಾನೂ ಬಿಡೂದಿಲ್ಲ. ಇನ್ನ ಎಷ್ಟ್ ನಾಕಾ ಅದಾವು ಈ ಮುಂಬೈದಾಗ.”

“ಬಿಡ್ರಿ ಅಂತ ಯಾರು ಅಂದ್ರು? ಮರಾಠಿ ಫಾರ್ಮ್ ತುಂಬೋಕೆ ಜನ ಬೇಕಲ್ಲ.”

ಅವಳು ನಕ್ಕಳು. ಅಳುವಿನ ನಡುವೆಯೇ ನಕ್ಕಳು. ಎದುರಿನ ಮನೆಯೊಳಗಿನಿಂದ ಅವ್ವ, ಊಟಕ್ಕೆ ಎಷ್ಟು ಮಂದಿ ಎಂದು ಕೂಗಿ ಕೇಳಿದಳು. ದಾನೇಶ್ವರಿ ಅವನ ಮುಖ ನೋಡುತ್ತಲೇ, “ನಾಕು ಮಂದಿ ಅದೀವಿ ಅವ್ವ,” ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಇನ್ನ ಮ್ಯಾಲೆ ನನಗ ನೀವು ಅನಬ್ಯಾಡ್ರಿ.”

“ಮತ್ತೆ ಏನನ್ಲಿ?”

“ನೀನು ಅನ್ರಿ.”

ಅವನು ಬಾಯಿ ತೆರೆದ, ಮುಚ್ಚಿದ. ಕಿವಿ ಕೆಂಪಾಯಿತು.

“ನೀನು... ಒಪ್ಪಿದ್ಯಾ?”

“ಒಪ್ಪೀನಿ. ಏಳು, ಕೈ ತೊಳ್ಕೊ. ಅವ್ವ ಬಡಸಾಕತ್ತಾಳ.”